ಮೂನ್‌ಲೈಟ್ ಸೊನಾಟಾದ ಮೊದಲ ಭಾಗ ಕೈಗೆ ಬಂತು, ಮುಂದೇನು? ನುಡಿಸಿದವರು ಹೇಳಿ

ಪ್ರಶ್ನೆ: ನಲವತ್ತೆರಡಕ್ಕೆ ಪಿಯಾನೊ ಕಲಿಯೋಕೆ ಕೂತವನು ನಾನು. ಮನೇಲಿರೋದು 61 ಕೀಗಳ ಕೀಬೋರ್ಡ್. ಬೀಥೋವನ್‌ನ ಮೂನ್‌ಲೈಟ್ ಸೊನಾಟಾ ಅನ್ನೋ ಮೂರು ಭಾಗದ ಪಿಯಾನೊ ಕೃತಿಯ ಮೊದಲ ಭಾಗ ಎಂಟು ತಿಂಗಳಲ್ಲಿ ಒಂದು ಹದಕ್ಕೆ ಬಂದಿದೆ. ಆದರೂ ಕೇಳಿದವರೆಲ್ಲ ‘ಮಂಕಾಗಿದೆ’ ಅಂತಾರೆ. ಮೂರನೇ ಭಾಗಕ್ಕೆ ಕೈ ಹಾಕಲೇ?

ಉತ್ತರ: ಮೊದಲು ಕೀಬೋರ್ಡ್ ಬದಲಿಸಿ ಸರ್. ನಾನೂ 61ರಲ್ಲೇ ಮೂರು ವರ್ಷ ಒದ್ದಾಡಿದವಳು. ಮೊದಲ ಬಾರ್‌ನಲ್ಲಿ (ನಮ್ಮ ತಾಳದ ಆವರ್ತದಂಥ ಅಳತೆ) ಎಡಗೈಯ ಸಿ ಶಾರ್ಪ್ ಸ್ವರ ಸಿಗುತ್ತೆ. ಎರಡನೇ ಬಾರ್‌ನ ಕೆಳಗಿನ ಬಿ ಸ್ವರ ಅದರಲ್ಲಿ ಇಲ್ಲವೇ ಇಲ್ಲ, ಕಿರುಬೆರಳು ಹೋಗಿ ಪ್ಲಾಸ್ಟಿಕ್ ಅಂಚಿಗೆ ಬಡಿಯುತ್ತೆ. ಮಂದ್ರವೇ ಇಲ್ಲದಿದ್ದರೆ ಮಂಕಾಗದೆ ಇನ್ನೇನು? 88 ಕೀ, ಒತ್ತಿದರೆ ಭಾರ ಗೊತ್ತಾಗಬೇಕು, ಪೆಡಲ್ ಇರಬೇಕು. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತೆ.

ಉತ್ತರ: ಕೀಬೋರ್ಡ್ ಒಂದನ್ನೇ ದೂರಬೇಡಿ. ನಾನು ಮೃದಂಗದಿಂದ ಪಿಯಾನೊಗೆ ಬಂದವನು, ನನಗೆ ದಾರಿ ಸಿಕ್ಕಿದ್ದು ಲಯದಲ್ಲಿ. ಬಲಗೈ ಉದ್ದಕ್ಕೂ ತಿಶ್ರ, ಅಂದರೆ ಮೂರು ಮೂರರ ಎಣಿಕೆ: ತಕಿಟ, ತಕಿಟ. ಐದನೇ ಬಾರ್‌ನಲ್ಲಿ ಅದೇ ಕೈಯ ಕಿರುಬೆರಳು ಮೇಲೆ ಜಿ ಶಾರ್ಪ್ ಹಾಡೋಕೆ ಶುರು ಮಾಡುತ್ತೆ. ಅಲ್ಲಿ ಬರೋ ಚಿಕ್ಕ ಸ್ವರವನ್ನು ಎಲ್ಲರೂ ‘ಟ’ ಜೊತೆಗೇ ಒತ್ತಿಬಿಡ್ತಾರೆ. ಅದು ‘ಟ’ ಆದಮೇಲೆ, ಕೂದಲೆಳೆಯಷ್ಟು ತಡವಾಗಿ ಬೀಳಬೇಕು. ನಾನು ಎರಡು ವಾರ ಊಟದ ಟೇಬಲ್ ಮೇಲೆ ಬರೀ ಇದನ್ನೇ ತಟ್ಟಿದ್ದೀನಿ. ಮನೆಯವರ ಬೈಗುಳವೂ ತಿಶ್ರದಲ್ಲೇ ಕೇಳಿಸ್ತಿತ್ತು. ತಕಿಟ ಪಿಸುಗುಟ್ಟಲಿ, ಕಿರುಬೆರಳು ಮಾತ್ರ ಹಾಡಲಿ.

ಇನ್ನೊಂದು, ತೀರಾ ನಿಧಾನ ಮಾಡಬೇಡಿ. ಬೆಳದಿಂಗಳು ಅನ್ನೋ ಹೆಸರು ಬೀಥೋವನ್ ಇಟ್ಟಿದ್ದಲ್ಲ. ಅವನು 1827ರಲ್ಲಿ ತೀರಿಕೊಂಡ ಮೇಲೆ ರೆಲ್‌ಸ್ಟಾಬ್ ಅನ್ನೋ ವಿಮರ್ಶಕನ ಹೋಲಿಕೆಯಿಂದ ಅಂಟಿಕೊಂಡಿದ್ದು. 1802ರಲ್ಲಿ ಅಚ್ಚಾದಾಗ ಇದು ‘ಫ್ಯಾಂಟಸಿಯಂಥ ಸೊನಾಟಾ’, ಅಷ್ಟೇ. ಬಾರ್‌ಗೆ ಎರಡೇ ಎಣಿಕೆ ಅಂತ ಹಾಳೆಯಲ್ಲೇ ಗುರುತಿದೆ, ನಾವು ನಾಲ್ಕೆಣಿಸಿ ಚಂದ್ರನನ್ನ ಜೋಗುಳ ಹಾಡಿ ಮಲಗಿಸ್ತೀವಿ.

ಉತ್ತರ: ನಾನು ವಿಯೆನ್ನಾದಲ್ಲಿರೋದು. ಡ್ಯಾಂಪರ್ (ತಂತಿಯ ನಾದ ತಡೆಯೋ ಮೆತ್ತೆ, ಪೆಡಲ್ ಒತ್ತಿದರೆ ಏಳುತ್ತೆ) ಎತ್ತಿಯೇ ಇಡೀ ಭಾಗ ನುಡಿಸಿ ಅಂತ ಬೀಥೋವನ್ ಬರೆದಿದ್ದಾನಲ್ಲ, ಅದನ್ನು ಇಲ್ಲೊಂದು ಹಳೇ ಮಾದರಿಯ ಪಿಯಾನೊದಲ್ಲಿ ಕೇಳಿದೆ. ಸ್ವರ ಬೇಗ ಆರಿಹೋಗೋದರಿಂದ ಕಲಸುಮೇಲೋಗರ ಆಗಲಿಲ್ಲ, ತೆಳ್ಳಗೆ ಮಂಜು ಕವಿದ ಹಾಗಿತ್ತು. ಇವತ್ತಿನ ಪಿಯಾನೊದಲ್ಲಿ ಹಾಗೆ ಮಾಡಿದರೆ ಸಾರಿಗೆ ಹುಳಿ ಸುರಿದ ಹಾಗೆ. ಎಡಗೈ ಸ್ವರ ಬದಲಾದಾಗೆಲ್ಲ ಪೆಡಲ್ ಬಿಟ್ಟು ಒತ್ತಿ.

ಉತ್ತರ: ಮೂರನೇ ಭಾಗಕ್ಕೆ ಈಗಲೇ ಬೇಡ. ನಾನು ಹಟಕ್ಕೆ ಬಿದ್ದು ಮುಂಗೈ ನೋವು ತಂದುಕೊಂಡೆ, ಆರು ವಾರ ಪಿಯಾನೊ ಮುಟ್ಟಲಿಲ್ಲ. ತಪ್ಪು ನಂದೇ. ಮೇಲಕ್ಕೆ ಓಡೋ ಸ್ವರಗಳನ್ನೆಲ್ಲ ಜೋರಾಗಿ ಕುಟ್ಟುತ್ತಿದ್ದೆ; ಅಲ್ಲಿ ಬರೆದಿರೋದು ಮೆಲ್ಲಗೆ, ಏಟು ಬೀಳಬೇಕಾದ್ದು ತುದಿಯ ಕಾರ್ಡ್‌ಗೆ (ಒಟ್ಟಿಗೇ ಒತ್ತೋ ಸ್ವರಗಳಿಗೆ) ಮಾತ್ರ. ನೀವು ಎರಡನೇದು ನುಡಿಸಿ, ಎರಡು ನಿಮಿಷದ ಚಿಕ್ಕ ತುಣುಕು. ಸಿ ಶಾರ್ಪ್ ಮೈನರ್ ಅನ್ನೋ ಸ್ವರಶ್ರೇಣಿ ಹೋಗಿ ಡಿ ಫ್ಲಾಟ್ ಮೇಜರ್ ಬರುತ್ತೆ. ಷಡ್ಜದ ಕೀ ಅದೇ, ಮನೆಯಲ್ಲಿ ದೀಪ ಹಚ್ಚಿದ ಹಾಗೆ. ಮೊದಲನೇದು ಮುಗಿದ ಕೂಡಲೇ ನಡುವೆ ನಿಲ್ಲಿಸದೆ ಸೀದಾ ಇದಕ್ಕೆ ಹೋಗಬೇಕು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಆ ಬಿ ಇಲ್ಲ ಅಂತ ಎಂಟು ತಿಂಗಳಿಂದ ಗಮನಿಸಿಯೇ ಇರಲಿಲ್ಲ, ಮೇಲಿನ ಬಿ ಒಂದನ್ನೇ ಒತ್ತಿಕೊಂಡು ಮುಂದೆ ಹೋಗ್ತಿದ್ದೆ. ಶನಿವಾರ ಅಂಗಡಿಗೆ ಹೋಗಿ 88ರಲ್ಲಿ ಮೊದಲ ನಾಲ್ಕು ಬಾರ್ ನುಡಿಸಿ ನೋಡ್ತೀನಿ.