ಬಂಗುಡೆ ಬೆಳವಣಿಗೆ ಲೆಕ್ಕ: ಯಾವ ‘ಕೆ’ ನಂಬಲಿ?

ಪ್ರಶ್ನೆ: ಎಂ.ಎಫ್.ಎಸ್ಸಿ. (ಮೀನುಗಾರಿಕೆ ಸ್ನಾತಕೋತ್ತರ) ಪ್ರಾಜೆಕ್ಟಿಗೆ ಮಲ್ಪೆ ದಕ್ಕೆಯಲ್ಲಿ (ಮೀನುಗಾರಿಕೆ ಬಂದರು) ಹತ್ತು ತಿಂಗಳು ಬಂಗುಡೆ ಮೀನಿನ ಉದ್ದ ಅಳೆದಿದ್ದೇನೆ. ಯಾವ ವಯಸ್ಸಿಗೆ ಎಷ್ಟು ಉದ್ದ ಅಂತ ಹೇಳುವ ಬರ್ಟಲಾನ್ಫಿ ಸಮೀಕರಣಕ್ಕೆ ಹಾಕಿದರೆ ಕೆ (ಮೀನು ತನ್ನ ಗರಿಷ್ಠ ಉದ್ದದತ್ತ ಎಷ್ಟು ಬೇಗ ಬೆಳೆಯುತ್ತದೆ ಅನ್ನುವ ವಾರ್ಷಿಕ ದರ) ಒಮ್ಮೆ 1.0 ಬರುತ್ತದೆ, ಒಮ್ಮೆ 0.85. ಇಳುವರಿ ಲೆಕ್ಕ ಇದರ ಮೇಲೇ ನಿಂತಿದೆ. ಮಾಡಿ ಗೊತ್ತಿದ್ದವರು ಹೇಳಿ.

ಉತ್ತರ 1: ಕೆ ಒಂದನ್ನೇ ನೋಡ್ಬೇಡಿ ಮಾರಾಯ್ರೆ. ಜೊತೆಗೆ ಎಲ್ ಇನ್ಫಿನಿಟಿ, ಅಂದ್ರೆ ಮೀನು ಬೆಳೆಯುತ್ತಾ ಹೋದರೆ ಮುಟ್ಟುವ ಗರಿಷ್ಠ ಉದ್ದ, ಎಷ್ಟು ಬಂತು? ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. 30 ಸೆಂ.ಮೀ.ಗೆ 1.0 ಹಾಕಿ ನೋಡಿ, 33ಕ್ಕೆ 0.85 ಹಾಕಿ ನೋಡಿ, ಒಂದು ವರ್ಷದ ಮೀನು ಎರಡರಲ್ಲೂ 19 ಸೆಂ.ಮೀ. ಹತ್ತಿರವೇ. ನಾನು ಇದೇ ವಿಷಯಕ್ಕೆ ಎರಡು ವಾರ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಸಿಕ್ಕ ಎಡವಟ್ಟೇ ಬೇರೆ: ನಾನು ಬಾಲದ ತುದಿವರೆಗೆ ಅಳೆಯುತ್ತಿದ್ದೆ, ನಾನಿಲ್ಲದ ದಿನ ಗೆಳೆಯ ಬಾಲದ ಕವಲಿನವರೆಗೆ ಅಳೆದಿದ್ದ. ಮೊದಲು ನಿಮ್ಮ ನೋಟ್‌ಬುಕ್ ತೆಗೆದು ಅದನ್ನು ನೋಡಿ.

ಉತ್ತರ 2: ಹತ್ತು ತಿಂಗಳು ಅಂದ್ರೆ ಜೂನ್, ಜುಲೈ ಬಿಟ್ಟಿದ್ದೀರಿ ಅಲ್ವಾ? ಬೋಟುಗಳಿಗೆ 61 ದಿನ ರಜೆ, ಸರಿ. ಆದರೆ ನಾಡದೋಣಿಯವರು ಕಡಲಿಗಿಳಿಯುತ್ತಾರೆ, ಅವರ ಬುಟ್ಟಿಯ ಮೀನು ಅಳೆಯಿರಿ. ಆ ಎರಡು ತಿಂಗಳು ಖಾಲಿ ಬಿಟ್ಟರೆ ಮೇ ತಿಂಗಳಲ್ಲಿ ಕಂಡ ಒಂದೇ ವಯಸ್ಸಿನ ಮೀನಿನ ಗುಂಪು ಆಗಸ್ಟಿನಲ್ಲಿ ಯಾವುದಾಯಿತು ಅಂತ ಸಾಫ್ಟ್‌ವೇರ್ ಸುಮ್ನೆ ಊಹಿಸುತ್ತದೆ. ಬಲೆಯ ಕಣ್ಣು ಎಷ್ಟು ಅಂತಲೂ ಬರೆದಿಡಿ, ಕಣ್ಣು ಬದಲಾದರೆ ಸಿಗುವ ಮೀನಿನ ಗಾತ್ರವೂ ಬದಲಾಗುತ್ತದೆ.

ಉತ್ತರ 3: ನನ್ನ ಕೇಳಿದರೆ ಇಳುವರಿಯನ್ನು ಜಾಸ್ತಿ ಅಲ್ಲಾಡಿಸುವುದು ಕೆ ಅಲ್ಲ, ಎಂ. ಅಂದ್ರೆ ನಾವು ಹಿಡಿಯದಿದ್ದರೂ ತಾನಾಗಿ ಸಾಯುವ ಮೀನಿನ ದರ. ಬಂಗುಡೆಗೆ ಸಿಎಂಎಫ್‌ಆರ್‌ಐ (ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಹೇಳಿದ, ಹಿಡಿಯಬಹುದಾದ ಕನಿಷ್ಠ ಗಾತ್ರ 14 ಸೆಂ.ಮೀ. ಅದನ್ನು 20 ಆಗುವವರೆಗೆ ಬಿಟ್ಟರೆ ಏನಾಗುತ್ತದೆ ನೋಡೋಣ. ಎಲ್ ಇನ್ಫಿನಿಟಿ 30, ಕೆ 1.0 ಇಟ್ಟರೆ ಐದೂವರೆ ತಿಂಗಳು ಬೇಕು. ಉದ್ದದ ಘನಕ್ಕೆ ತಕ್ಕಂತೆ ತೂಕ ಅಂದುಕೊಂಡರೆ ಒಂದೊಂದು ಮೀನು ಮೂರು ಪಟ್ಟಿನ ಹತ್ತಿರ ತೂಗುತ್ತದೆ. ಖುಷಿ ಪಡಬೇಡಿ. ನೀರಿನ ಉಷ್ಣತೆ 28 ಡಿಗ್ರಿ ಹಾಕಿ ಮೀನುವಿಜ್ಞಾನಿ ಪೌಲಿಯವರು ಎಂ ಅಂದಾಜಿಗೆ ಕೊಟ್ಟ 1980ರ ಸೂತ್ರದಲ್ಲಿ ಲೆಕ್ಕ ಹಾಕಿದರೆ ಎಂ ಸುಮಾರು 1.8. ನೂರರಲ್ಲಿ 43 ಮೀನು ಉಳಿಯುತ್ತವೆ, ಬಿಟ್ಟ 100 ಕಿಲೋ 125 ಆಗುತ್ತದೆ, ಅಷ್ಟೇ. ಅದೇ ಎಂ 1.0 ಅಂದುಕೊಳ್ಳಿ, 180 ದಾಟುತ್ತದೆ! ಅದಕ್ಕೇ ಎಂ ಒಂದೇ ಬೆಲೆ ಹಾಕಿ ಮುಗಿಸಬೇಡಿ, ಮೂರು ಬೇರೆ ಬೇರೆ ಬೆಲೆ ಹಾಕಿ ತೋರಿಸಿ.

ಇನ್ನೊಂದು. ಈ ಲೆಕ್ಕ ಎಷ್ಟು ಗಾತ್ರಕ್ಕೆ ಹಿಡಿದರೆ ಒಳ್ಳೆಯದು ಅಂತ ಹೇಳುತ್ತದೆ, ಬರುವ ವರ್ಷ ಎಷ್ಟು ಟನ್ ಸಿಗುತ್ತದೆ ಅಂತ ಅಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬಂದ ಬೂತಾಯಿ (ಸಾರ್ಡೀನ್) ಮೀನು 2021ರಲ್ಲಿ 3,500 ಟನ್ನೂ ಮುಟ್ಟಲಿಲ್ಲ. ಮರಿ ಎಷ್ಟು ಉಳಿಯಿತು ಅನ್ನುವುದು ಈ ಸಮೀಕರಣದ ಒಳಗೇ ಇಲ್ಲ. ವೈವಾದಲ್ಲಿ ಕೇಳಿಯೇ ಕೇಳುತ್ತಾರೆ.

ಪ್ರಶ್ನೆ ಕೇಳಿದವರು: ನೋಟ್‌ಬುಕ್ ನೋಡಿದೆ. ನವೆಂಬರ್ ಪೂರ್ತಿ ಕವಲಿನವರೆಗೆ ಅಳೆದದ್ದು. ಗೆಳೆಯ ಅಲ್ಲ, ನನ್ನದೇ ಅಕ್ಷರ 😅