ಗುಲಾಬಿ ಮುಡ್ಕೊಂಡು ವಾರ್ತೆ ಓದ್ತಿದ್ದ ಸಲ್ಮಾ ಸುಲ್ತಾನ್ ಬಗ್ಗೆ ಯಾರಿಗಾದ್ರೂ ಗೊತ್ತಾ?

ಸುಂಟಿಕೊಪ್ಪದವಳು:
ನಮ್ಮವ್ವಂಗೆ ಹಿಂದಿ ಒಂದಕ್ಷರ ಬರಲ್ಲ, ಆದ್ರೂ ದೂರದರ್ಶನದಲ್ಲಿ ರಾತ್ರಿ ಹಿಂದಿ ವಾರ್ತೆ ತಪ್ಪಿಸ್ತಿರ್ಲಿಲ್ಲ, ಕಿವಿ ಪಕ್ಕ ಗುಲಾಬಿ ಮುಡ್ಕೊಂಡು ಓದ್ತಿದ್ರಲ್ಲ ಅವ್ರನ್ನ ನೋಡೋಕೆ. ಮಳೆಗಾಲದಲ್ಲಿ ಪಿಕ್ಚರ್ ಹೋದ್ರೆ ಅಣ್ಣ ಹಂಚಿನ ಮೇಲೆ ಹತ್ತಿ ಆಂಟೆನಾ ತಿರುಗ್ಸೋನು. ಈಗ ನನ್ನ ಮಗಳು ನಾನೂ ವಾರ್ತೆ ಓದ್ತೀನಿ ಅಂತಿದಾಳೆ, ಮನೆಲಿ ಮಾತ್ರ ಬರ್ಕೊಟ್ಟಿದ್ದನ್ನ ಓದೋದು ಏನ್ ಮಹಾ ಅಂತಾರೆ. ನಂಗೆ ಹಾಗನ್ಸಲ್ಲ. ಅವ್ರ ಬಗ್ಗೆ ಗೊತ್ತಿದ್ರೆ ಹೇಳಿ, ಮಗಳಿಗೆ ಓದಿ ಹೇಳ್ತೀನಿ.

ಕುಶಾಲನಗರ ಮೇಷ್ಟ್ರು:
ಸಲ್ಮಾ ಸುಲ್ತಾನ್ ಭೋಪಾಲ್ ಕಡೆಯವ್ರಮ್ಮ, ಡೆಲ್ಲಿಲಿ ಇಂಗ್ಲಿಷ್ ಎಂ.ಎ. ಓದಿದ್ರು. 1967ರಿಂದ 1997ರ ತನಕ, ಅಂದ್ರೆ 30 ವರ್ಷ ದೂರದರ್ಶನದಲ್ಲಿದ್ರು, ಆಮೇಲೆ ಸೀರಿಯಲ್ ನಿರ್ದೇಶನಕ್ಕೆ ಹೋದ್ರು. ಏನ್ ಮಹಾ ಅನ್ನೋರಿಗೆ ಒಂದ್ ಮಾತು ಹೇಳಿ, ಶುರುನಲ್ಲಿ ಟೆಲಿಪ್ರಾಂಪ್ಟರ್, ಅಂದ್ರೆ ಕ್ಯಾಮೆರಾ ಮುಂದೆನೇ ಓದೋ ಸಾಲು ತೋರ್ಸೋ ಪರದೆ, ಇರ್ಲಿಲ್ಲ, ಕೈಲಿರೋ ಹಾಳೆ ನೋಡ್ಕೊಂಡು ಮಧ್ಯೆ ಮಧ್ಯೆ ತಲೆ ಎತ್ತಿ ನಮ್ಮನ್ನೂ ನೋಡ್ಬೇಕು, ಮತ್ತೆ ಅದೇ ಸಾಲಿಗೆ ಕಣ್ಣು ಸರಿಯಾಗಿ ಇಳೀಬೇಕು, ಅದೂ ಲೈವ್. ತಪ್ಪಿದ್ರೆ ಇಡೀ ದೇಶ ನೋಡುತ್ತೆ.

ಗೋಣಿಕೊಪ್ಪದವ:
1984 ಅಕ್ಟೋಬರ್ 31, ಇಂದಿರಾ ಗಾಂಧಿ ಹತ್ಯೆ ಆದ ದಿನ ಸಂಜೆ ದೂರದರ್ಶನದಲ್ಲಿ ಆ ಸುದ್ದಿ ಓದಿದ್ದು ಇವ್ರೇ. ನಮ್ಮ ತೋಟದ ಕಡೆ ಆಗ ಟಿವಿ ಎಲ್ಲಿತ್ತು, ಲೈನ್ ಮನೆಲಿರೋ ತೋಟದ ಕೆಲಸದವ್ರೆಲ್ಲ ನಮ್ಮ ಜಗಲಿಲಿ ರೇಡಿಯೋ ಸುತ್ತ ಕೂತಿದ್ರು. ಆ ಓದಿನ ಕ್ಲಿಪ್ ನಾನು ನೋಡಿದ್ದು ಎಷ್ಟೋ ವರ್ಷ ಆದ್ಮೇಲೆ. ಕಿರುಚಾಟ ಇಲ್ಲ, ಹಿಂದೆ ಮ್ಯೂಸಿಕ್ ಇಲ್ಲ, ಅಷ್ಟು ದೊಡ್ಡ ಸುದ್ದಿನ ಸಮಾಧಾನವಾಗಿ ಹೇಳಿದ್ರು. ಅಳೋದು ಬಿಡೋದು ನೋಡೋರಿಗೆ ಬಿಟ್ಟಿದ್ದು ಅಂತ ನಂಬಿದ್ದ ಕಾಲ ಅದು. ಈಗಿನ ಚಾನೆಲ್‌ಗಳಲ್ಲಿ ಸುದ್ದಿಗಿಂತ ಮೊದ್ಲು ಆಂಕರ್ ಸಿಟ್ಟೇ ಬರುತ್ತೆ, ನಿಜವಾಗ್ಲೂ ಬೇಜಾರಾಗುತ್ತೆ.

ವಿರಾಜಪೇಟೆ ಅಕ್ಕ:
ಮಗಳಿಗೆ ನಮ್ಮ ಅಪರ್ಣಾ ಬಗ್ಗೆನೂ ಹೇಳಿ. ಚಂದನದ ನಿರೂಪಣೆ, ಆಕಾಶವಾಣಿ, ನಮ್ಮ ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳೋ ದನಿ, ಎಲ್ಲ ಅವ್ರದ್ದೇ. 2024 ಜುಲೈನಲ್ಲಿ ಹೋಗ್ಬಿಟ್ರು, ಆದ್ರೂ ಬೆಂಗಳೂರಿಗೆ ಹೋದಾಗ ಮೆಟ್ರೋದಲ್ಲಿ ಆ ಕನ್ನಡ ಕೇಳಿದ್ರೆ ಖುಷಿಯಾಗುತ್ತೆ. ಅ-ಹ, ಶ-ಷ ಸ್ಪಷ್ಟ ಇರ್ಬೇಕು ಅಂದ್ರೆ ಅವ್ರನ್ನ ಕೇಳ್ಬೇಕು. ದಿನಾ ಪೇಪರ್ ಜೋರಾಗಿ ಓದಿಸಿ, ಮೊಬೈಲಲ್ಲಿ ರೆಕಾರ್ಡ್ ಮಾಡಿ ಅವಳಿಗೇ ಕೇಳಿಸಿ. ಮಡಿಕೇರಿ ಆಕಾಶವಾಣಿ 103.1 ಕೇಳ್ತಿರ್ಲಿ, ಹಂಗಾಮಿ ಉದ್ಘೋಷಕರ ಆಡಿಷನ್ ಕರೆದಾಗ ಅಲ್ಲೇ ಹೇಳ್ತಾರೆ. ಡಿಗ್ರಿ ಮುಗಿಸ್ಲಿ ಮೊದ್ಲು.