ಚಿಕಿತ್ಸೆ ಉಚಿತವಿದ್ದರೂ ಆಸ್ಪತ್ರೆಗೆ ಹೋಗದಿರುವುದೇಕೆ?

ಮುಖ್ಯಶಿಕ್ಷಕಿ, ಸಿಂಧನೂರು:
ನಮ್ಮ ಶಾಲೆಯ ಅಡುಗೆಯವರೊಬ್ಬರು ಎರಡು ವರ್ಷ ಸೊಂಟನೋವನ್ನು ನುಂಗಿಕೊಂಡಿದ್ದು, ಕಳೆದ ತಿಂಗಳಷ್ಟೇ ವೈದ್ಯರಿಗೆ ತೋರಿಸಿಕೊಂಡರು. ಬಿಪಿಎಲ್ ಕಾರ್ಡ್ ಇರುವುದರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸೂ ಉಚಿತ. ಆದರೂ ಇಷ್ಟು ತಡವಾಗುವುದಕ್ಕೆ ತಿಳಿವಳಿಕೆಯ ಕೊರತೆಯೇ ಕಾರಣವೆಂದು ನನಗೆ ಅನಿಸುತ್ತದೆ.

ರೈತ, ದೇವದುರ್ಗ:
ಮೇಡಂ, ಈ ಮಾತನ್ನು ನಾನು ಒಪ್ಪಲಾರೆ. ಹತ್ತಿ ಬಿಡಿಸುವ ಕಾಲದಲ್ಲಿ ಕೂಲಿಯವರು ಬೆಳಿಗ್ಗೆಯೇ ಹೊಲ ಸೇರಿ ಸಂಜೆಗೆ ಮರಳುತ್ತಾರೆ. ಆಸ್ಪತ್ರೆಯಲ್ಲಿ ಹೊರರೋಗಿಗಳನ್ನು ನೋಡುವುದೂ ಅದೇ ಹೊತ್ತಿನಲ್ಲಿ. ಹೋಗಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು, ಜೊತೆಗೆ ಬರುವವರದ್ದೂ ಸೇರಿದರೆ ಎರಡಾಯಿತು. ರಾತ್ರಿ ಊರಲ್ಲೇ ಸಿಗುವ, ವೈದ್ಯಕೀಯ ಪದವಿಯಿಲ್ಲದ ಆರ್‌ಎಂಪಿ ಡಾಕ್ಟರ ಹತ್ತಿರ ಸೂಜಿ ಮಾಡಿಸಿಕೊಂಡು, ದುಡ್ಡನ್ನು ಬಟವಾಡೆಯ ದಿನ ಕೊಡುವವರಿಗೆ ತಿಳಿವಳಿಕೆ ಇಲ್ಲವೆನ್ನುವುದು ಅನ್ಯಾಯ. ಅವರು ಲೆಕ್ಕ ಹಾಕಿಯೇ ಹಾಗೆ ಮಾಡುತ್ತಾರೆ.

ಔಷಧ ಅಂಗಡಿಯವರು, ಗಂಗಾವತಿ:
ಲೆಕ್ಕ ಸರಿಯಿರಬಹುದು, ಸರ್. ಆದರೆ ಬಿಪಿ ಮಾತ್ರೆಯನ್ನು ‘ಈಗ ಏನೂ ತ್ರಾಸಿಲ್ಲ’ ಎಂದು ನಡುವೆ ನಿಲ್ಲಿಸುವವರಲ್ಲಿ ಅನುಕೂಲಸ್ಥರೂ ಇದ್ದಾರೆ. ಅಲ್ಲಿ ಮೇಡಂ ಹೇಳಿದ್ದೇ ನಿಜ.

ಆಶಾ ಕಾರ್ಯಕರ್ತೆ, ಲಿಂಗಸುಗೂರು ತಾಲ್ಲೂಕು:
ಹೆಣ್ಣುಮಕ್ಕಳ ವಿಷಯ ಇನ್ನೂ ಬೇರೆ. ಬಿಳಿ ಸೆರಗು ಹೋಗುವುದನ್ನು ನನ್ನೊಂದಿಗೆ ಪಿಸುಮಾತಿನಲ್ಲಿ ಹೇಳುವವರು, ವೈದ್ಯರು ಗಂಡಸರೆಂದು ತಿಳಿದರೆ ಬಾಗಿಲ ತನಕ ಬಂದೂ ಹಿಂದಿರುಗುತ್ತಾರೆ. ಇನ್ನು, ಇಲ್ಲಿ ತಾಯಿ ಕಾರ್ಡ್ ಮಾಡಿಸಿಕೊಂಡು ಏಳನೆಯ ತಿಂಗಳಲ್ಲಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದ ಬಸುರಿಯ ಹೆಸರು ಅಲ್ಲಿನ ಪಟ್ಟಿಯಲ್ಲಿ ಇರುವುದಿಲ್ಲ; ನಮ್ಮ ಪಟ್ಟಿಯಲ್ಲಿ ಹೆಸರಿದ್ದರೂ ಮನೆಗೆ ಬೀಗ ಬಿದ್ದಿರುತ್ತದೆ. ಅವಳಿಗೆ ತಪಾಸಣೆಯ ಮಹತ್ವ ಗೊತ್ತಿಲ್ಲವೆಂದು ಮಾತ್ರ ದಯವಿಟ್ಟು ಹೇಳಬೇಡಿ, ಪ್ರತಿ ತಿಂಗಳೂ ತಪ್ಪದೆ ಬಂದವಳು ಅವಳು.

ಸಾರ್ವಜನಿಕ ಆರೋಗ್ಯ ವಿದ್ಯಾರ್ಥಿ, ಬಳ್ಳಾರಿ:
ಅಮೆರಿಕದ ರೊನಾಲ್ಡ್ ಆ್ಯಂಡರ್ಸನ್ ಜನರು ಆರೋಗ್ಯ ಸೇವೆಯನ್ನು ಏಕೆ ಬಳಸುತ್ತಾರೆ, ಏಕೆ ಬಳಸುವುದಿಲ್ಲ ಎಂಬುದನ್ನು ವಿವರಿಸಲು 1968ರಲ್ಲಿ ಮಂಡಿಸಿದ ಮಾದರಿಯಲ್ಲಿ ಇವೆಲ್ಲಕ್ಕೂ ಜಾಗವಿದೆ. ವಯಸ್ಸು, ಶಿಕ್ಷಣ, ನಂಬಿಕೆಗಳು ಒಂದು ಕಡೆ; ಹಣ, ವಿಮೆ, ಆಸ್ಪತ್ರೆಯ ಲಭ್ಯತೆ ಇನ್ನೊಂದು ಕಡೆ; ಚಿಕಿತ್ಸೆ ಬೇಕೆಂಬ ಅಗತ್ಯ ಮೂರನೆಯದು. ಬಿಪಿ ಇರುವವರಿಗೆ ಆ ಅಗತ್ಯ ಕಾಣುವುದೇ ಇಲ್ಲ, ಕೂಲಿಯವರಿಗೆ ಕಂಡರೂ ಹೋಗಲು ಅನುಕೂಲವಿಲ್ಲ. ಎರಡಕ್ಕೂ ಒಂದೇ ಮದ್ದು ಸಾಲದು. ಆಯುಷ್ಮಾನ್ ಭಾರತ್ ಕಾರ್ಡ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಾಗುವುದು ಮುಖ್ಯವಾಗಿ ಒಳರೋಗಿಗಳಿಗೆ. ಸೊಂಟನೋವಿಗೆ ತೋರಿಸಿಕೊಳ್ಳಲು ಬಂದವರು ಕಳೆದುಕೊಂಡ ಕೂಲಿಯನ್ನು ಅದು ತುಂಬಿಕೊಡುವುದಿಲ್ಲ.

ಮುಖ್ಯಶಿಕ್ಷಕಿ, ಸಿಂಧನೂರು:
ಇದನ್ನೆಲ್ಲ ಓದಿದ ಮೇಲೆ ಇಂದು ನಮ್ಮ ಅಡುಗೆಯವರನ್ನೇ ಕೇಳಿದೆ. ರಜೆ ಹಾಕಿದರೆ ತಮ್ಮ ಜಾಗಕ್ಕೆ ಬೇರೆಯವರು ಬಂದು ಕೆಲಸವೇ ಹೋದೀತೆಂದು ಅವರು ಹೆದರಿದ್ದರಂತೆ. ಆ ಹೆದರಿಕೆ ಬೇಡವೆಂದು ಹೇಳಬೇಕಾಗಿದ್ದವಳು ನಾನೇ. ಮುಂದಿನ ಬುಧವಾರ ಅವರು ಮತ್ತೆ ತಪಾಸಣೆಗೆ ಹೋಗಬೇಕಿದೆ. ಆ ದಿನದ ಅಡುಗೆಗೆ ಬದಲಿ ವ್ಯವಸ್ಥೆ ಮಾಡಿದ್ದೇನೆ.